ಒಳಪೆಟ್ಟು

ಬಾಕ್ಸಿಂಗ್ ಅಂದ್ರೆ ಮುಖಕ್ಕೆ ಗುದ್ದೋದು ಅಂತಲೇ ನಾನು ಬಹಳ ಕಾಲ ತಿಳ್ಕೊಂಡಿದ್ದೆ, ರಿಕಿ ಹ್ಯಾಟನ್‌ನ ಒಂದು ಪಂದ್ಯ ನೋಡೋವರೆಗೆ. 2007ರ ಜೂನ್ 23, ಲಾಸ್ ವೇಗಸ್. ಎದುರಿಗಿದ್ದವನು ಮೆಕ್ಸಿಕೋದ ಹೋಸೆ ಲೂಯಿಸ್ ಕಾಸ್ತಿಯೊ. ಸಾಮಾನ್ಯ ಆಸಾಮಿ ಅಲ್ಲ. 2002ರಲ್ಲಿ ಫ್ಲಾಯ್ಡ್ ಮೇವೆದರ್ ಜೊತೆ ಎರಡು ಸಲ ಹನ್ನೆರಡೂ ಸುತ್ತು ಆಡಿದವನು. ಮೊದಲನೇ ಪಂದ್ಯ ಗೆದ್ದಿದ್ದು ಇವನೇ, ತೀರ್ಪು ಕೊಟ್ಟವರು ತಪ್ಪಿದರು ಅಂತ ಇವತ್ತಿಗೂ ವಾದ ಮಾಡೋರಿದ್ದಾರೆ. ನಾಲ್ಕನೇ ಸುತ್ತಿನಲ್ಲಿ ಹ್ಯಾಟನ್ ಅವನ ಬಲಪಕ್ಕೆಗೆ ಒಂದು ಎಡಗೈ ಹುಕ್ ಇಟ್ಟ. ಅಷ್ಟೇ. ಕಾಸ್ತಿಯೊ ಮಂಡಿಯೂರಿದ. ಪ್ರಜ್ಞೆ ತಪ್ಪಿರಲಿಲ್ಲ, ರೆಫರಿ ಎಣಿಸ್ತಾ ಇರೋದು ಚೆನ್ನಾಗಿ ಕೇಳಿಸ್ತಾ ಇತ್ತು. ಆದರೆ ಹತ್ತು ಎಣಿಸೋದರೊಳಗೆ ಏಳೋಕಾಗಲಿಲ್ಲ.

ತಲೆಗೆ ಬಿದ್ದ ಏಟಿಗೂ ಹೊಟ್ಟೆಗೆ ಬಿದ್ದ ಏಟಿಗೂ ಇರೋ ವ್ಯತ್ಯಾಸ ಇದೇ. ತಲೆಗೆ ಬಿದ್ದರೆ ದೀಪ ಆರಿದ ಹಾಗೆ, ಏನಾಯ್ತು ಅಂತ ಬಿದ್ದವನಿಗೇ ಗೊತ್ತಾಗಲ್ಲ. ಲಿವರಿಗೆ ಬಿದ್ದರೆ ಎಲ್ಲಾ ಗೊತ್ತಾಗುತ್ತೆ. ಲಿವರ್ ಇರೋದು ಬಲಗಡೆ, ಅದರ ಕೆಳಗಿನ ಅಂಚಿಗೆ ಪಕ್ಕೆಲುಬಿನ ರಕ್ಷಣೆ ಕಡಿಮೆ. ಅದಕ್ಕೇ ಎಡಗೈ ಹುಕ್ಕಿಗೆ ಅದು ಸುಲಭದ ತುತ್ತು. ಏಟು ಬಿದ್ದ ಅರೆಕ್ಷಣ ಏನೂ ಆಗಲ್ಲ. ಆಮೇಲೆ ರಕ್ತದೊತ್ತಡ ಧಡಕ್ಕನೆ ಇಳಿದು, ಉಸಿರು ಸಿಕ್ಕಿಕೊಂಡು, ಕಾಲು ನಮ್ಮದಲ್ಲ ಅನ್ನೋ ಹಾಗಾಗುತ್ತೆ. ಏಳು ಅಂತ ಮನಸ್ಸು ಹೇಳುತ್ತೆ, ಮೈ ಕೇಳಲ್ಲ. ನಮ್ಮಲ್ಲಿ ಇದಕ್ಕೆ ಒಳ್ಳೆ ಮಾತಿದೆ, ಒಳಪೆಟ್ಟು.

ಹ್ಯಾಟನ್ ಬದುಕಿದ್ದೇ ಈ ಒಳಪೆಟ್ಟಿನ ಮೇಲೆ. ದೂರ ನಿಂತು ಚಂದವಾಗಿ ಆಡೋ ಪೈಕಿ ಅಲ್ಲ. ಎದುರಾಳಿಯ ಎದೆಗೆ ತಲೆ ಆನಿಸಿ, ಎಡಗಡೆಗೆ ಜಾರಿ, ಪಕ್ಕೆ ಮೇಲೆ ಒಂದೇ ಸಮನೆ ಬಡೀತಾ ಇದ್ದ. ಅವನ ಕೋಚ್ ಬಿಲ್ಲಿ ಗ್ರಹಾಂ ಹೊಟ್ಟೆಗೆ ದಪ್ಪ ಬೆಲ್ಟು ಕಟ್ಟಿಕೊಂಡು ಅಭ್ಯಾಸದಲ್ಲಿ ಆ ಗುದ್ದುಗಳನ್ನೆಲ್ಲ ತಾನೇ ತಿನ್ನುತ್ತಿದ್ದ (ಆ ಪುಣ್ಯಾತ್ಮನ ಬಗ್ಗೆಯೇ ಬೇರೆ ಬರೀಬೇಕು). ಇದು ಕಂತಿನಲ್ಲಿ ಹಣ ಕಟ್ಟಿದ ಹಾಗೆ. ಮೂರನೇ ಸುತ್ತಿನಲ್ಲಿ ಕಟ್ಟಿದ್ದು ಹತ್ತನೇ ಸುತ್ತಿನಲ್ಲಿ ಬಡ್ಡಿ ಸಮೇತ ವಾಪಸ್ ಬರುತ್ತೆ.

ಇಷ್ಟೆಲ್ಲ ನೆನಪಾಗಿದ್ದು ಗೆಳೆಯನೊಬ್ಬನ ಜೊತೆ ಟೀ ಕುಡೀತಾ ಆದ ಜಗಳದಿಂದ. ಹ್ಯಾಟನ್ ತೀರಿಕೊಂಡಿದ್ದು 2025ರ ಸೆಪ್ಟೆಂಬರ್ 14ಕ್ಕೆ, ಹೈಡ್‌ನ ತನ್ನ ಮನೆಯಲ್ಲಿ, ಬರೀ 46 ವರ್ಷಕ್ಕೆ. ನನ್ನ ಗೆಳೆಯನ ತೀರ್ಪು ಒಂದೇ ವಾಕ್ಯದ್ದು: "ಕುಡೀದೇ ಇದ್ದಿದ್ರೆ ಮೇವೆದರ್‌ನೂ ಸೋಲಿಸ್ತಿದ್ದ ಕಣೋ." ಇದನ್ನೇ ಸಾವಿರ ಜನ ಸಾವಿರ ಕಡೆ ಬರೆದಿದ್ದಾರೆ. ನನಗೆ ಇದು ಒಪ್ಪಿಗೆ ಇಲ್ಲ.

ಅವನು ಕುಡೀತಿದ್ದದ್ದು ನಿಜ, ತಿಂತಿದ್ದದ್ದೂ ನಿಜ. ಮ್ಯಾಂಚೆಸ್ಟರ್ ಪಕ್ಕದ ಹ್ಯಾಟರ್ಸ್‌ಲಿ ಅನ್ನೋ ಕೌನ್ಸಿಲ್ ಮನೆಗಳ ಬಡಾವಣೆಯಲ್ಲಿ ಬೆಳೆದವನು. ವಿಶ್ವ ಚಾಂಪಿಯನ್ ಆದಮೇಲೂ ಅದೇ ಊರಿನ ಪಬ್ಬಿಗೆ ಹೋಗಿ ಡಾರ್ಟ್ಸ್ ಆಡ್ತಿದ್ದ, ಗಿನ್ನಿಸ್ ಹೀರ್ತಿದ್ದ. ಆಡಬೇಕಾದ ತೂಕ 140 ಪೌಂಡು, ಅಂದರೆ ಅರವತ್ತಮೂರುವರೆ ಕೆಜಿ. ಎರಡು ಪಂದ್ಯಗಳ ನಡುವೆ ಅದಕ್ಕಿಂತ ಹದಿನೈದು-ಇಪ್ಪತ್ತು ಕೆಜಿ ಏರಿಬಿಡ್ತಿದ್ದ. ಜನ 'ರಿಕಿ ಫ್ಯಾಟನ್' ಅಂತ ಹೆಸರಿಟ್ಟರು. ಅವನು ಬೇಜಾರು ಮಾಡ್ಕೊಳ್ಳಲಿಲ್ಲ, ಒಂದು ಸಲ ದಪ್ಪ ಹೊಟ್ಟೆಯ ವೇಷ ತೊಟ್ಟುಕೊಂಡೇ ರಿಂಗಿಗೆ ನಡೆದು ಬಂದ! ಸ್ಟೇಡಿಯಂ ನಕ್ಕಿತು. ನಾನೂ ನಕ್ಕಿದ್ದೆ.

ಆದರೆ ಶಿಸ್ತಿಲ್ಲದವನು ಅನ್ನೋದು ಮಾತ್ರ ಸುಳ್ಳು. ಹತ್ತು-ಹನ್ನೆರಡು ವಾರದಲ್ಲಿ ಅಷ್ಟು ತೂಕ ಇಳಿಸಿ, ಆಮೇಲೆ ಹನ್ನೆರಡು ಸುತ್ತು ಒಂದೇ ವೇಗದಲ್ಲಿ ಮುನ್ನುಗ್ಗೋದಕ್ಕೆ ಎಂಥಾ ಶಿಸ್ತು ಬೇಕು ಯೋಚನೆ ಮಾಡಿ. ನಾನು ಎರಡು ಕೆಜಿ ಇಳಿಸೋಕೆ ಮೂರು ಯುಗಾದಿ ಕಳೆದಿದ್ದೀನಿ :-) ಅವನ ಕಷ್ಟ ಶಿಸ್ತಿಲ್ಲದ್ದಲ್ಲ, ಶಿಸ್ತು ಮತ್ತು ಸ್ವೇಚ್ಛೆ ಎರಡನ್ನೂ ಕಟ್ಟಕಡೆಯ ತುದಿವರೆಗೆ ಎಳೆದದ್ದು. ಉಬ್ಬಿಸು, ಹಿಂಡು, ಮತ್ತೆ ಉಬ್ಬಿಸು. ಅದೂ ಒಳಪೆಟ್ಟೇ. ಏಟು ಬಿದ್ದಾಗ ಏನೂ ಆಗಲ್ಲ.

ಇನ್ನು ಮೇವೆದರ್ ವಿಷಯ. 2007ರ ಡಿಸೆಂಬರ್ 8ರಂದು ಹ್ಯಾಟನ್ ಆಡಿದ್ದು ತನ್ನದಲ್ಲದ 147 ಪೌಂಡಿನ ತೂಕದಲ್ಲಿ. ಅದುವರೆಗೆ 43 ಪಂದ್ಯ, 43 ಗೆಲುವು. ಸಾವಿರಾರು ಇಂಗ್ಲಿಷರು ಸಾಲ ಸೋಲ ಮಾಡಿ ವೇಗಸ್‌ಗೆ ಹೋಗಿ ಹಾಡಿದ್ದೇ ಹಾಡಿದ್ದು. ರೆಫರಿ ಜೋ ಕಾರ್ಟೆಜ್ ಇಬ್ಬರೂ ಹತ್ತಿರ ಬಂದಾಗಲೆಲ್ಲ ಬಿಡಿಸಿ ಹಾಕಿದ, ಹತ್ತಿರ ಹೋಗದೆ ಪಕ್ಕೆಗೆ ಹೊಡೆಯೋದು ಹೇಗೆ? ಆದರೂ ಹೇಳ್ತೀನಿ, ಹ್ಯಾಟನ್ ಹಾಲು ಕುಡಿದು ಬೆಳೆದಿದ್ದರೂ ಆವತ್ತು ಸೋಲ್ತಿದ್ದ. ಮೇವೆದರ್ ಅವನಿಗಿಂತ ಒಂದು ಕೈ ಮೇಲು. ಹತ್ತನೇ ಸುತ್ತಿನ ಆ ಎಡಗೈ ಹುಕ್ಕಿಗೂ ಬಿಯರ್ರಿಗೂ ಸಂಬಂಧ ಇಲ್ಲ. 2009ರ ಮೇ 2ಕ್ಕೆ ಮ್ಯಾನಿ ಪಕಿಯಾವ್ ಎರಡನೇ ಸುತ್ತಿನ ಕೊನೇ ಸೆಕೆಂಡಿನಲ್ಲಿ ಮಲಗಿಸಿದನಲ್ಲ, ಅದೂ ಅಷ್ಟೇ. ಆ ಕಾಲದ ಇಬ್ಬರು ಶ್ರೇಷ್ಠರ ಹತ್ತಿರ ಸೋತದ್ದಕ್ಕೆ ಕುಡಿತದ ಕಾರಣ ಹುಡುಕೋದು ಅವರಿಬ್ಬರಿಗೂ ಮಾಡೋ ಅವಮಾನ.

ನನ್ನನ್ನು ಕಾಡೋದು ಆಮೇಲಿನ ಕಥೆ. ಪಕಿಯಾವ್ ಪಂದ್ಯದ ನಂತರ ಅವನು ಕುಸಿದುಬಿಟ್ಟ. 2010ರಲ್ಲಿ ಕೊಕೇನ್ ಸೇವಿಸ್ತಾ ಇರೋ ವಿಡಿಯೋ ಪೇಪರಿಗೆ ಬಂತು, ಲೈಸೆನ್ಸ್ ಹೋಯ್ತು. ಖಿನ್ನತೆ ಬಗ್ಗೆ, ಬದುಕೇ ಬೇಡ ಅನ್ನಿಸಿದ ದಿನಗಳ ಬಗ್ಗೆ ಮುಂದೆ ಅವನೇ ಬಾಯ್ತುಂಬ ಹೇಳಿಕೊಂಡ. ಬಾಕ್ಸರುಗಳು ಇಂಥದ್ದು ಹೇಳೋದು ಅಪರೂಪ. ಆದರೆ ಪಬ್ಬಿನಲ್ಲಿ ಗೆಳೆಯರ ಜೊತೆ ನಗುನಗುತ್ತಾ ಕುಡಿದ ಗ್ಲಾಸನ್ನೂ, ಕತ್ತಲೆಯಲ್ಲಿ ಒಬ್ಬನೇ ಕೂತು ಕುಡಿದ ಗ್ಲಾಸನ್ನೂ ನಾವು 'ಲೈಫ್‌ಸ್ಟೈಲ್' ಅನ್ನೋ ಒಂದೇ ಪದದಲ್ಲಿ ಹಾಕಿ ಕಟ್ಟಿಬಿಟ್ಟೆವು. ಮೊದಲನೆಯದು ಅವನ ಆಯ್ಕೆ. ಎರಡನೆಯದು ಕಾಯಿಲೆ. ಕಾಯಿಲೆಯನ್ನು ಶೋಕಿ ಅಂತ ಕರೆದರೆ ಔಷಧಿ ಕೊಡೋರು ಯಾರು?

ನಮ್ಮೂರಲ್ಲೂ ಇಂಥ ಒಬ್ಬರಾದರೂ ಇರ್ತಾರೆ, "ಕುಡೀತಾನೆ, ಆದ್ರೆ ಮನುಷ್ಯ ಚಿನ್ನ" ಅಂತ ಎಲ್ಲರ ಬಾಯಲ್ಲೂ ಅನ್ನಿಸಿಕೊಳ್ಳೋರು. ಆ ಮಾತು ಹೇಳುವಾಗ ಪ್ರೀತಿ ಇರುತ್ತೆ, ಅನುಮಾನವೇ ಇಲ್ಲ. ಆದರೆ ನಮ್ಮ ಪ್ರೀತಿಗೆ ಅವನು ಹಾಗೇ ಇರಬೇಕು ಅನ್ನೋ ಒಂದು ಸಣ್ಣ ಷರತ್ತೂ ಇರುತ್ತೇನೋ. ಹ್ಯಾಟನ್ ನಮ್ಮ ಹಾಗೇ ತಿಂದು ಕುಡಿದು ದಪ್ಪ ಆಗ್ತಾನೆ ಅನ್ನೋದೇ ಅವನ ಟಿಕೆಟ್ ಮಾರಾಟದ ಅರ್ಧ ಗುಟ್ಟಾಗಿತ್ತು. ಆ ಹೊಟ್ಟೆಯ ವೇಷಕ್ಕೆ ನಕ್ಕ ನಾನು ಅವನಿಗೆ ಬುದ್ಧಿ ಹೇಳೋಕೆ ಯಾರು?

2012ರಲ್ಲಿ ಇಪ್ಪತ್ತು ಕೆಜಿಗೂ ಹೆಚ್ಚು ಇಳಿಸಿ ವಾಪಸ್ ಬಂದ. ನವೆಂಬರ್ 24, ಮ್ಯಾಂಚೆಸ್ಟರ್, ಎದುರಾಳಿ ಉಕ್ರೇನಿನ ವ್ಯಾಚೆಸ್ಲಾವ್ ಸೆನ್ಚೆಂಕೊ. ಒಂಬತ್ತನೇ ಸುತ್ತಿನಲ್ಲಿ ಮುಗಿದುಹೋಯ್ತು. ಯಾವ ಏಟಿಗೆ ಗೊತ್ತಾ? ಹೊಟ್ಟೆಗೆ ಬಿದ್ದ ಎಡಗೈ ಹುಕ್ಕಿಗೆ. ಕಾಸ್ತಿಯೊ ಮಂಡಿಯೂರಿದ ಹಾಗೇ ಇವನೂ ಕೂತ, ಹತ್ತು ಎಣಿಸೋದನ್ನ ಕೇಳಿಸ್ಕೊಂಡ. ವಿಡಿಯೋದಲ್ಲಿ ಅದನ್ನ ಒಂದೇ ಸಲ ನೋಡಿದ್ದೀನಿ. ಇನ್ನೊಂದು ಸಲ ನೋಡೋ ಧೈರ್ಯ ಇಲ್ಲ.

48 ಪಂದ್ಯ, 45 ಗೆಲುವು, ಅದರಲ್ಲಿ 32 ನಾಕೌಟ್. 2024ರಲ್ಲಿ ಹಾಲ್ ಆಫ್ ಫೇಮಿಗೂ ಸೇರಿಸಿದರು. ಲೆಗಸಿ ಅಂತ ಅಂಕಿಯಲ್ಲಿ ಕೇಳೋರಿಗೆ ಇಷ್ಟು ಸಾಕು. ನನ್ನ ಗೆಳೆಯ ಮೇವೆದರ್, ಪಕಿಯಾವ್ ಪಂದ್ಯಗಳಿಂದ ಇವನನ್ನ ಅಳೀತಾನೆ, ಅಳೀಲಿ. ನಾನು ಅಳೆಯೋದು ಕೋಸ್ಟ್ಯಾ ಝೂ ಪಂದ್ಯದಿಂದ. ಹ್ಯಾಟನ್‌ನನ್ನ ಒಮ್ಮೆಯೂ ನೋಡಿಲ್ಲದವರು ಅಲ್ಲಿಂದಲೇ ಶುರು ಮಾಡಿ. 2005ರ ಜೂನ್ 5, ಮ್ಯಾಂಚೆಸ್ಟರ್, ಅಮೆರಿಕದ ಟೀವಿಗೋಸ್ಕರ ರಾತ್ರಿ ಎರಡು ಗಂಟೆಗೆ ಶುರುವಾದ ಪಂದ್ಯ. ಝೂ ಆಗ ಆ ತೂಕದ ರಾಜ, ಬಲಗೈಯಲ್ಲಿ ಸುತ್ತಿಗೆ ಇಟ್ಕೊಂಡ ಹಾಗೆ ಹೊಡೀತಿದ್ದ. ಹ್ಯಾಟನ್ ಆ ಸುತ್ತಿಗೆ ಬೀಸೋಕೂ ಜಾಗ ಬಿಡದ ಹಾಗೆ ಮೈಗಂಟಿಕೊಂಡು, ಪಕ್ಕೆ, ಭುಜ, ತೋಳು ಅಂತ ನೋಡದೆ ಬಡಿದ, ಬಡಿದ, ಬಡಿದ. ಹನ್ನೊಂದನೇ ಸುತ್ತು ಮುಗಿದ ಮೇಲೆ ಝೂ ಸ್ಟೂಲಿನಲ್ಲಿ ಕೂತ. ಹನ್ನೆರಡನೇ ಸುತ್ತಿಗೆ ಅವನ ಕೋಚ್ ಜಾನಿ ಲೂಯಿಸ್ ಅವನನ್ನ ಏಳೋಕೆ ಬಿಡಲಿಲ್ಲ.