ಮೂರು ಗೀಟಿನ ಹಿಂದೆ ಬಚ್ಚಿಟ್ಟ ಅರ್ಜಿ

ಪಹಣಿ ನೋಡೋಕೆ ನಮ್ಮ ಕಡೆ ಯಾರಿಗೂ ಡಿಗ್ರಿ ಬೇಕಿಲ್ಲ. 9ನೇ ಕಾಲಂನಲ್ಲಿ ಹೆಸರು, 11ರಲ್ಲಿ ಸಾಲದ ಭಾರ, 12ರಲ್ಲಿ ಬೆಳೆ. ಹೆಬ್ಬೆಟ್ಟು ಒತ್ತುವ ಯಜಮಾನರೂ ಬೆರಳಿಟ್ಟು ತೋರಿಸುತ್ತಾರೆ. ಯಾಕೆಂದರೆ ಆ ಕಾಲಂಗಳು ಜಾಗ ಬಿಟ್ಟು ಕದಲುವುದಿಲ್ಲ. ಪುಟದ ವಿನ್ಯಾಸ ಅಂದರೆ ಇಷ್ಟೇ.

ಹೋದ ತಿಂಗಳು ಗುಬ್ಬಿ ತಾಲೂಕಿನ ಒಂದು ಹಳ್ಳಿಗೆ ಸುದ್ದಿಗೆ ಹೋಗಿದ್ದೆ. ಅಲ್ಲಿ ಒಬ್ಬರು ಅಮ್ಮ ಫೋನ್ ಕೊಟ್ಟು, "ಅರ್ಜಿ ಎಲ್ಲೈತೆ ನೋಡಪ್ಪ" ಅಂದರು. ಇಲಾಖೆಯೊಂದರ ಸೈಟ್. ಮೇಲೆ ಸರಿದಾಡುವ ದೊಡ್ಡವರ ಫೋಟೋಗಳು. ಅದರ ಕೆಳಗೆ ಓಡುವ ಕೆಂಪಕ್ಷರ, ಓದುವಷ್ಟರಲ್ಲಿ ಮಾಯ. ಹೋದ ವರ್ಷದ ಸುತ್ತೋಲೆಯ ಪಕ್ಕ ಇನ್ನೂ 'ಹೊಸದು' ಅಂತ ಮಿನುಗುತ್ತಿದೆ. ಅರ್ಜಿ ಮಾತ್ರ ಮೂಲೆಯ ಮೂರು ಗೀಟಿನ ಹಿಂದೆ.

"ಆ ಗೀಟು ಒತ್ತಬೇಕಮ್ಮ."

"ಗೀಟು ಒತ್ತೋದು ಅಂತ ಯಾರಪ್ಪ ಹೇಳಿದ್ರು?"

ಯಾರೂ ಹೇಳಿಲ್ಲ. ಆ ಮೂರು ಗೀಟನ್ನು 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ ನಾರ್ಮ್ ಕಾಕ್ಸ್ ಎಂಬಾತ ಬರೆದದ್ದು. ಅದು ಪಟ್ಟಿಯ ಗುರುತು ಅಂತ ಚೇಳೂರಿನ ಸಂತೆಗೆ ಯಾರೂ ತಿಳಿಸಲಿಲ್ಲ. ಅದರ ಕೆಳಗೆ 'ಪಟ್ಟಿ' ಅಂತ ಎರಡಕ್ಷರ ಬರೆದಿದ್ದರೆ ಏನು ಖರ್ಚಾಗುತ್ತಿತ್ತು?

ತುಮಕೂರಿನಲ್ಲಿ ಸಾಫ್ಟ್‌ವೇರ್ ಕೆಲಸದ ಗೆಳೆಯನೊಬ್ಬ "ಎಲ್ಲ ಸೈಟಲ್ಲೂ ಹಂಗೇ ಇರೋದು, ಅದು ರೂಢಿ" ಅಂತಾನೆ. ರೂಢಿ ಬೇಡ ಅಂತ ನಾನೂ ಅನ್ನುವುದಿಲ್ಲ. ಜನ ಹೆಚ್ಚು ಹೊತ್ತು ಕಳೆಯುವುದು ಬೇರೆ ಸೈಟುಗಳಲ್ಲಿ, ಹಾಗಾಗಿ ನಿಮ್ಮದೂ ಅವುಗಳಂತೆಯೇ ನಡೆಯಲಿ ಅಂತ ಜೇಕಬ್ ನೀಲ್ಸನ್ ಹೇಳಿದ್ದು ಸರಿಯೇ. ಆದರೆ ನಮ್ಮವರು ಹೊತ್ತು ಕಳೆಯುವುದು ಎಲ್ಲಿ? ಯೂಟ್ಯೂಬ್, ಫೋನ್‌ಪೇಗಳಲ್ಲಿ. ಅಲ್ಲಿ ಬೇಕಾದ್ದು ಹೆಬ್ಬೆರಳಿಗೆ ಎಟಕುವ ಹಾಗೆ ಕೆಳಗಿರುತ್ತೆ, ಚಿತ್ರದಡಿ ಹೆಸರೂ ಇರುತ್ತೆ. ನಮ್ಮ ಇಲಾಖೆಯವರು ಹಿಡಿದಿರುವುದು ಬೆಂಗಳೂರಿನ ದೊಡ್ಡ ಮಾನಿಟರಿನ ರೂಢಿ.

'ಕನ್ನಡ' ಅನ್ನೋ ಬಟನ್ ಇರುತ್ತಲ್ಲ, ಒತ್ತಿ ನೋಡಿ. ಎಷ್ಟೋ ಕಡೆ ತಲೆಬರಹ ಮಾತ್ರ ಕನ್ನಡವಾಗುತ್ತೆ, ಒಳಗಿನದೆಲ್ಲ ಇಂಗ್ಲಿಷ್. ತಾಲೂಕಿನ ಹೆಸರು ಕನ್ನಡದಲ್ಲಿದ್ದರೂ ಕೆಲವು ಕಡೆ ಸಾಲು ಇಂಗ್ಲಿಷಿನದೇ. ಕನ್ನಡದ ಅಕಾರಾದಿಯಲ್ಲಿ ನಮ್ಮ ಜಿಲ್ಲೆಯ ಹತ್ತು ತಾಲೂಕುಗಳಲ್ಲಿ ಕುಣಿಗಲ್ಲೇ ಮೊದಲು. ಇಂಗ್ಲಿಷ್ ಸಾಲಿನಲ್ಲಿ ಚಿಕ್ಕನಾಯಕನಹಳ್ಳಿ ಮೊದಲು ಬಂದು ಕುಣಿಗಲ್ ನಾಲ್ಕಕ್ಕೆ ಇಳಿಯುತ್ತೆ. ಹೋಬಳಿ, ಊರಿನ ಉದ್ದನೆಯ ಪಟ್ಟಿಗೆ ಬಂದರೆ ಹುಲಿಯೂರುದುರ್ಗದ ಕಡೆಯವರು ಸ್ಪೆಲ್ಲಿಂಗ್ ಹುಡುಕುತ್ತಾ ಕೂರಬೇಕು. ಕೊನೆಗೆ ಸಿಗುವುದು ಸ್ಕ್ಯಾನ್ ಮಾಡಿದ ಪಿಡಿಎಫ್. ಎ4 ಹಾಳೆಯನ್ನು ಅಂಗೈಯಗಲದ ಪರದೆಯಲ್ಲಿ ಎಳೆದೆಳೆದು ಓದಬೇಕು.

ಇದರ ಬೆಲೆ ಕಟ್ಟುವವರು ನಾವು. ಕೂಲಿ ಬಿಟ್ಟು ಬಸ್ಸು ಹತ್ತಿ ಸೈಬರಿಗೆ ಹೋಗಿ, ಅಂಗಡಿಯವನು ಕೇಳಿದಷ್ಟು ಕೊಡಬೇಕು. ಅವನನ್ನು ಬಯ್ಯಬೇಡಿ, ಅವನಿಗೆ ಆ ಮೂರು ಗೀಟು ಗೊತ್ತು, ಅಷ್ಟೇ. ನಾನು ಕಂಡ ಆ ಅಮ್ಮ ಅರ್ಜಿ ಹಾಕುವಷ್ಟರಲ್ಲಿ ಕೊನೆ ದಿನ ಕಳೆದು ಎರಡು ದಿನವಾಗಿತ್ತು. ತಾರೀಕು ಸೈಟಿನಲ್ಲಿ ಇರಲಿಲ್ಲ ಅಂತೇನಿಲ್ಲ. ಆ ಓಡುವ ಕೆಂಪಕ್ಷರದಲ್ಲಿತ್ತು.

ನಿಯಮ ಇಲ್ಲವೇ? ಇದೆ. ಸರ್ಕಾರಿ ವೆಬ್‌ಸೈಟುಗಳಿಗೆ ಕೇಂದ್ರದ ಮಾರ್ಗಸೂಚಿ 2009ರಲ್ಲೇ ಬಂತು, ಮೂರನೇ ಆವೃತ್ತಿ 2023ರದು. 2005ರ ಮಾಹಿತಿ ಹಕ್ಕು ಕಾಯ್ದೆಯ 4(4)ನೇ ಕಲಂ, ಮಾಹಿತಿಯನ್ನು ಹಂಚುವಾಗ ಸ್ಥಳೀಯ ಭಾಷೆಯನ್ನೂ ಆ ಜಾಗಕ್ಕೆ ಒಗ್ಗುವ ವಿಧಾನವನ್ನೂ ಗಮನದಲ್ಲಿಡಬೇಕು ಅನ್ನುತ್ತೆ. ಗುಬ್ಬಿಗೆ ಒಗ್ಗುವ ವಿಧಾನ ಅಂದರೆ ಬಿಸಿಲಲ್ಲಿ, ಒಡೆದ ಗಾಜಿನ, ನೆಟ್ ಒಂದು ಕಡ್ಡಿ ಇರುವ ಫೋನಿನಲ್ಲಿ ತೆರೆದುಕೊಳ್ಳುವ ಪುಟ.

ಅದೇ ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಆ ಇಲಾಖೆಗೊಂದು ಅರ್ಜಿ ಹಾಕಿದ್ದೇನೆ. ನಮ್ಮ ರಾಜ್ಯದ ನಿಯಮದಲ್ಲಿ 150 ಪದ ಮೀರುವಂತಿಲ್ಲ, ನನಗೆ ಅಷ್ಟು ಬೇಕಾಗಲಿಲ್ಲ. ಕೇಳಿರುವುದು ಒಂದೇ: ಈ ಸೈಟನ್ನು ಜನರಿಗೆ ಬಿಡುವ ಮೊದಲು ಯಾವ ಊರಿನ, ಎಷ್ಟು ಜನರ ಫೋನಿನಲ್ಲಿ ತೆರೆದು ನೋಡಿದ್ದೀರಿ, ಅದರ ದಾಖಲೆ ಕೊಡಿ.