ಗ್ಯಾಸ್ಟ್ರಿಕ್ ಅಂತ ಸುಮ್ಮನಾಗೋ ಮುಂಚೆ

ಹೆಬ್ಬಾಳ ಫ್ಲೈಓವರ್ ಟ್ರಾಫಿಕ್‌ನಲ್ಲಿ ಎದೆ ಉರಿದರೆ ಗ್ಯಾಸ್ಟ್ರಿಕ್. ಯಲಹಂಕದಲ್ಲಿ ರಾತ್ರಿ ಎಗ್ ರೈಸ್ ತಿಂದು ಹೊಟ್ಟೆ ಉಬ್ಬರಿಸಿದರೆ ಅದೂ ಗ್ಯಾಸ್ಟ್ರಿಕ್. ನಮ್ಮ ಟೀಮಿನ ಎಂಟು ಜನರಲ್ಲಿ ಐವರ ಬ್ಯಾಗಲ್ಲಿ ಆಸಿಡ್ ಮಾತ್ರೆಯ ಸ್ಟ್ರಿಪ್ ಇದೆ. ಬೆಳಿಗ್ಗೆ ಒಂದು ನುಂಗೋದು, ಖಾರಕ್ಕೂ ಟೆನ್ಷನ್‌ಗೂ ಬೈಯೋದು.

ಡಾಕ್ಟರುಗಳೂ ಬಹಳ ಕಾಲ ಹಾಗೇ ಬೈಯ್ತಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ರೋಗಿಗಳ ಜಠರದಿಂದ ತೆಗೆದ ಸುರುಳಿ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿದರು. ಅದೇ ಹೆಲಿಕೋಬ್ಯಾಕ್ಟರ್ ಪೈಲೋರಿ. ಅದು ಅಮೋನಿಯಾ ತಯಾರಿಸಿ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು, ಜಠರದ ಲೋಳೆಪದರದಲ್ಲಿ ಮನೆ ಮಾಡುತ್ತದೆ. ಮಾರ್ಷಲ್ ಅದನ್ನು ಹಂದಿಮರಿಗಳಿಗೆ ಅಂಟಿಸಲು ನೋಡಿದರು, ಆಗಲಿಲ್ಲ. 1984ರಲ್ಲಿ ತಾವೇ ಕುಡಿದುಬಿಟ್ಟರು! ಕೆಲವೇ ದಿನದಲ್ಲಿ ವಾಂತಿ, ಜಠರದಲ್ಲಿ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್.

ನನ್ನನ್ನು ಕಾಡಿದ್ದು ಮಾತ್ರ ಮಂಗೋಲಿಯನ್ ಜರ್ಬಿಲ್ ಅನ್ನೋ ಪುಟ್ಟ ಇಲಿಜಾತಿಯ ಪ್ರಾಣಿ. ಹಂದಿಮರಿಗೆ ಅಂಟದ ಸೋಂಕು ಇದಕ್ಕೆ ಸಲೀಸಾಗಿ ಅಂಟುತ್ತದೆ. ಮೊದಲು ಉರಿಯೂತ, ಆಮೇಲೆ ಹುಣ್ಣು, ನಂತರ ಜಠರದ ಒಳಪದರ ಕರುಳಿನ ಪದರದ ಥರ ಬದಲಾಗೋದು. 1998ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ 62ನೇ ವಾರದ ಹೊತ್ತಿಗೆ ಸೋಂಕಿತ 27 ಜರ್ಬಿಲ್‌ಗಳಲ್ಲಿ 10ಕ್ಕೆ ಕ್ಯಾನ್ಸರ್. ಸೋಂಕನ್ನು ಬೇಗ ತೆಗೆದಷ್ಟೂ ಕ್ಯಾನ್ಸರ್ ಕಡಿಮೆ ಅಂತ ಮುಂದಿನ ಪ್ರಯೋಗಗಳು ತೋರಿಸಿದವು.

ಗಾಬರಿ ಬೇಡ. ನಮ್ಮ ದೇಶದಲ್ಲಿ ಈ ಸೋಂಕು ತುಂಬಾ ಜನರಲ್ಲಿದೆ, ಅವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಬರೋದಿಲ್ಲ. ನಮ್ಮ ಯಶವಂತಪುರದ ಪಕ್ಕದ ಐಐಎಸ್‌ಸಿಯಲ್ಲೂ ಪ್ರೊ. ಡಿ. ಎನ್. ರಾವ್ ಅವರ ಲ್ಯಾಬ್ ಇದೇ ಬ್ಯಾಕ್ಟೀರಿಯಾದ ಡಿಎನ್‌ಎಗೆ ಗುರುತು ಹಾಕುವ ಕಿಣ್ವಗಳನ್ನು ಅಧ್ಯಯನ ಮಾಡಿದೆ. (ಆ ಗೇಟಿನ ಮುಂದೆ ದಿನಾ ಓಡಾಡ್ತೀನಿ, ಒಳಗೆ ನನ್ನ ಹೊಟ್ಟೆಯ ವಿಚಾರ ನಡೀತಿದೆ ಅಂತ ಗೊತ್ತೇ ಇರಲಿಲ್ಲ!)

ಪರೀಕ್ಷೆ ಸುಲಭ: ಉಸಿರು ಅಥವಾ ಮಲದ ಟೆಸ್ಟ್. ಆದರೆ ಆ ಆಸಿಡ್ ಮಾತ್ರೆ ನುಂಗ್ತಾ ಇದ್ದರೆ ಸೋಂಕಿದ್ದರೂ ಇಲ್ಲ ಅಂತ ಬರಬಹುದು. ಡಾಕ್ಟರನ್ನು ಕೇಳಿ ಎರಡು ವಾರ ಮೊದಲೇ ನಿಲ್ಲಿಸಬೇಕು. ಮಲ ಕಪ್ಪಗಾದರೆ, ತೂಕ ಸುಮ್ಮನೆ ಇಳಿದರೆ ಟೆಸ್ಟಿಗೂ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಎರಡು ವರ್ಷ ಮಾತ್ರೆಯಲ್ಲೇ ದೂಡಿದ ನಮ್ಮ ಆರ್‌.ಟಿ. ನಗರದ ಗೆಳೆಯನಿಗೆ ಟೆಸ್ಟ್ ಪಾಸಿಟಿವ್ ಬಂತು. 14 ದಿನದ ಆಂಟಿಬಯೋಟಿಕ್ ಕೋರ್ಸ್. ಆರನೇ ದಿನ ಫೋನು: "ಬಾಯೆಲ್ಲಾ ಕಹಿ ಕಣೋ, ನಿಲ್ಲಿಸಿಬಿಡ್ಲಾ?"

"ಅರ್ಧಕ್ಕೆ ಬಿಟ್ಟರೆ ಆ ಬ್ಯಾಕ್ಟೀರಿಯಾಗೆ ಔಷಧಿ ಒಗ್ಗಿಹೋಗುತ್ತೆ, ಮುಗಿಸು ಗುರು" ಅಂದೆ.

ಇವತ್ತು ಒಂಬತ್ತನೇ ದಿನ.