ಕಾರು ಯಾರದು? ಹೆಸರಿದ್ದವರದೋ, ದುಡಿದವರದೋ?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕಟ್ಟಿದವರ ಮನೆಯ ಮುಂದೆ ಸಾಲದ ಕಾರು ನಿಂತಿರಲಿಲ್ಲ. ಈಗ ಅನೇಕ ಮನೆಗಳ ಮುಂದೆ ನಿಂತಿದೆ. ಇಬ್ಬರೂ ಬೇರೆಯಾಗುವುದೆಂದು ತೀರ್ಮಾನವಾದ ಮೇಲೆ ಪಾತ್ರೆ ಪಡಗ ಹಂಚಿಕೊಳ್ಳುವುದು ಒಂದು ಗಂಟೆಯ ಕೆಲಸ. ಮಂಚ, ಬೀರು, ಟಿ.ವಿ. ಹಿರಿಯರ ಮಾತಿನಲ್ಲಿ ಹೇಗೋ ಇತ್ಯರ್ಥವಾಗುತ್ತವೆ. ಕಾರಿನ ಬಳಿಗೆ ಬಂದಾಗ ಮಾತು ಕೆಡುತ್ತದೆ. ಕೀಲಿಕೈ ಒಬ್ಬರ ಬಳಿ, ಆರ್.ಸಿ. ಇನ್ನೊಬ್ಬರ ಹೆಸರಿಗೆ, ಸಾಲ ಇಬ್ಬರ ತಲೆಯ ಮೇಲೆ.

ಕಾರಿನ ಮಾತು ಸಾಹುಕಾರರ ಮಾತು, ನಮಗೇಕೆ ಎಂದು ಕೇಳುವ ಓದುಗರು ಇರಬಹುದು. ಆ ಕಾಲ ಹೋಯಿತು. ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಸಾಗಿಸುವ ವ್ಯಾಪಾರಿ, ಗಿರಣಿಯ ಕೆಲಸ ಹೋದ ಮೇಲೆ ಹಳದಿ ಬೋರ್ಡಿನ ಕಾರು ಹಿಡಿದ ಕಾರ್ಮಿಕ, ಇವರೆಲ್ಲ ಇಂದು ಕಾರಿನ ಮಾಲೀಕರೇ. ಸಾಹುಕಾರನ ಮನೆಯಿಂದ ಒಂದು ಕಾರು ಹೋದರೆ ಇನ್ನೊಂದು ಬರುತ್ತದೆ. ನಮ್ಮವರ ಮನೆಯಿಂದ ಹೋದರೆ ಹತ್ತು ವರ್ಷದ ಉಳಿತಾಯ ಹೋಗುತ್ತದೆ, ಎಷ್ಟೋ ಬಾರಿ ಅನ್ನದ ದಾರಿಯೂ ಹೋಗುತ್ತದೆ.

ಒಂದು ಲೆಕ್ಕ ಹಿಡಿಯೋಣ. ಗಂಡನದು ಸಣ್ಣ ಕಿರಾಣಿ ಅಂಗಡಿ, ಹೆಂಡತಿಗೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಎಂದಿಟ್ಟುಕೊಳ್ಳಿ. 4,00,000 ರೂಪಾಯಿಗೆ ಒಂದು ಹಳೆಯ ಕಾರು ಕೊಂಡರು. ಆಕೆ ತವರಿನಿಂದ ತಂದ ಸರವನ್ನು ಮಾರಿ 1,00,000 ಮುಂಗಡ ಕೊಟ್ಟರು. ಉಳಿದ 3,00,000 ಸಾಲ. ತಿಂಗಳಿಗೆ 7,000ದಂತೆ 60 ಕಂತು. ಆರ್.ಸಿ. ಗಂಡನ ಹೆಸರಿಗೆ. ಸಾಲದ ಕಾಗದಕ್ಕೆ ಮಾತ್ರ ಆಕೆಯ ಸಹಿಯೂ ಬಿತ್ತು. ಕಂತು ಗಂಡನ ಖಾತೆಯಿಂದ ಹೋಗುತ್ತದೆ. ಅಕ್ಕಿ, ಬೇಳೆ, ಮನೆ ಬಾಡಿಗೆ, ಮಕ್ಕಳ ಫೀಸು ಆಕೆಯ ಸಂಬಳದಿಂದ ಹೋಗುತ್ತವೆ.

ಮೂರು ವರ್ಷಕ್ಕೆ ಸಂಸಾರ ಒಡೆಯಿತು. ಅಷ್ಟು ಹೊತ್ತಿಗೆ 36 ಕಂತು, ಅಂದರೆ 2,52,000 ಕಟ್ಟಿ ಆಗಿದೆ. ಮುಂಗಡ ಸೇರಿಸಿದರೆ 3,52,000. ಕಾರಿನ ಪೇಟೆ ಬೆಲೆ 2,50,000ಕ್ಕೆ ಇಳಿದಿದೆ. ಸಾಲದ ಬಾಕಿ ಇನ್ನೂ ಸುಮಾರು 1,46,000 ಇದೆ. ಕಳೆದು ನೋಡಿದರೆ ಇವರಿಬ್ಬರ ಪಾಲಿಗೆ ಉಳಿದ ನಿಜವಾದ ಆಸ್ತಿ 1,04,000 ರೂಪಾಯಿ ಮಾತ್ರ. ಈ ಒಂದು ಲಕ್ಷಕ್ಕಾಗಿ ಎರಡು ವರ್ಷ ಕೋರ್ಟಿಗೆ ಅಲೆದರೆ ವಕೀಲರ ಫೀಸು ಮತ್ತು ತಪ್ಪಿದ ದಿನಗೂಲಿ ಎಷ್ಟನ್ನು ನುಂಗುತ್ತವೆಂದು ಓದುಗರೇ ಎಣಿಸಲಿ.

ಈಗ ಕಾಯಿದೆಯ ಬಳಿಗೆ ಹೋಗೋಣ. ಗೋವೆಯಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯ ಪದ್ಧತಿ ಉಳಿದಿದೆ. ಅಲ್ಲಿ ಮದುವೆಯಾದವರ ಆಸ್ತಿ, ಬೇರೆ ಕರಾರು ಇಲ್ಲದಿದ್ದರೆ, ಇಬ್ಬರದೂ. ದೇಶದ ಉಳಿದ ಬಹುತೇಕ ಕಡೆಯ ಕಾಯಿದೆಯಲ್ಲಿ ಗಂಡನದು ಗಂಡನಿಗೆ, ಹೆಂಡತಿಯದು ಹೆಂಡತಿಗೆ. ಯಾರದು ಯಾವುದು ಎಂದು ಕೇಳಿದರೆ ಹೆಸರು ತೋರಿಸಿ, ರಸೀತಿ ತೋರಿಸಿ ಎನ್ನುತ್ತದೆ. ನಮ್ಮ ಲೆಕ್ಕದ ಗಂಡನ ಬಳಿ ಆರ್.ಸಿ. ಇದೆ, 36 ಕಂತಿನ ಪಾಸ್ ಪುಸ್ತಕವಿದೆ. ಹೆಂಡತಿಯ ಬಳಿ ಏನಿದೆ? ಮೂರು ವರ್ಷ ಆಕೆ ತಂದ ಅಕ್ಕಿಯನ್ನು ಮನೆಯವರೆಲ್ಲ ಉಂಡಾಯಿತು. ಉಂಡ ಅನ್ನಕ್ಕೆ ರಸೀತಿ ಉಂಟೇ? ಆಕೆ ಅನ್ನದ ಖರ್ಚು ಹೊತ್ತಿದ್ದರಿಂದಲೇ ಗಂಡನ ಖಾತೆಯಲ್ಲಿ ಕಂತಿಗೆ ಹಣ ಉಳಿಯಿತು ಎಂಬ ಸರಳ ಸಂಗತಿ ಪಾಸ್ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಹಾಗೆಂದು ಆಕೆಗೆ ದಾರಿಯೇ ಇಲ್ಲವೆಂದು ಯಾರೂ ತಿಳಿಯಬಾರದು. ತವರಿನ ಚಿನ್ನ ಸ್ತ್ರೀಧನ. ಅದು ಹೆಣ್ಣಿನ ಸ್ವಂತ ಆಸ್ತಿ, ಗಂಡನ ಮನೆಯಲ್ಲಿದ್ದ ಮಾತ್ರಕ್ಕೆ ಅವನದಾಗದು ಎಂದು ಸುಪ್ರೀಂ ಕೋರ್ಟು 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಹೇಳಿತು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿದರೂ ಹಿಂದಿರುಗಿಸುವ ಹೊಣೆ ಅವನ ಮೇಲಿದೆ ಎಂದು 2024ರಲ್ಲಿ ಮತ್ತೆ ಹೇಳಿತು. ಮದುವೆಯಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ ವಿಚ್ಛೇದನದ ತೀರ್ಪಿನಲ್ಲೇ ಆಜ್ಞೆ ಮಾಡಲು 1955ರ ಹಿಂದೂ ವಿವಾಹ ಕಾಯಿದೆಯ 27ನೆಯ ಕಲಮಿನಲ್ಲಿ ಅವಕಾಶವಿದೆ. ಗಂಡ ಹೆಂಡಿರ ಆಸ್ತಿಯ ವ್ಯಾಜ್ಯವನ್ನು 1984ರ ಕಾಯಿದೆಯಂತೆ ಕೌಟುಂಬಿಕ ನ್ಯಾಯಾಲಯವೇ ಕೇಳಬಹುದು. ಇನ್ನು ವರದಕ್ಷಿಣೆಯಾಗಿ ಮಾವನಿಂದ ಕಾರು ಪಡೆದು ಮೀಸೆ ತಿರುವುವವರಿಗೆ ಒಂದು ಮಾತು: 1961ರ ಕಾಯಿದೆಯಂತೆ ವರದಕ್ಷಿಣೆ ಕೇಳುವುದೂ ಕೊಳ್ಳುವುದೂ ಅಪರಾಧ. ಹೀಗಿದ್ದೂ ಬೇರೆಯವರು ಪಡೆದದ್ದನ್ನು ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕೆಂದು ಅದೇ ಕಾಯಿದೆಯ 6ನೆಯ ಕಲಮು ಹೇಳುತ್ತದೆ.

ಮದುವೆಯಾಗದೆ ಕೂಡಿ ಬಾಳಿದವರ ಪಾಡು ಇನ್ನೂ ಬಿಗಿ. ಮದುವೆಯಂತೆಯೇ ಬಾಳಿದ್ದರೆ ಹೆಣ್ಣಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ಸಿಗಬಹುದು. ಆದರೆ ಕೂಡಿ ಬಾಳಿದ್ದೆಲ್ಲ ಆ ಲೆಕ್ಕಕ್ಕೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2013ರಲ್ಲಿ ಇಂದ್ರಾ ಶರ್ಮಾ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಗಂಡಸಿಗೆ ಆ ಕಾಯಿದೆಯೂ ಇಲ್ಲ. ಸಂಬಳದ ಚೀಟಿ ಅವಳದೆಂದು ಅವಳ ಹೆಸರಿಗೆ ಕಾರು ಕೊಂಡು, ಮಳೆಯಲ್ಲಿ ಬಿಸಿಲಲ್ಲಿ ಓಡಿಸಿ ಕಂತು ಕಟ್ಟಿದ ಹುಡುಗ ಕೊನೆಗೆ ಬರಿಗೈಯಲ್ಲಿ ನಿಲ್ಲಬಹುದು. ಅವನಿಗಾದದ್ದೂ ಅನ್ಯಾಯವೇ. ನಾವು ಗಂಡಿನ ಪಕ್ಷ ಹೆಣ್ಣಿನ ಪಕ್ಷ ಎಂದು ಮಾತಾಡುತ್ತಿಲ್ಲ. ದುಡಿದವರ ಪಕ್ಷದಿಂದ ಮಾತಾಡುತ್ತಿದ್ದೇವೆ.

ಹೆಸರಿದ್ದವರೇ ಯಾವಾಗಲೂ ಗೆಲ್ಲುತ್ತಾರೆಂಬುದೂ ಸುಳ್ಳು. 1988ರ ಮೋಟಾರು ವಾಹನ ಕಾಯಿದೆಯಂತೆ ಆರ್.ಸಿ.ಯಲ್ಲಿ ಹೆಸರಿದ್ದವರೇ ಸಾಮಾನ್ಯವಾಗಿ ಮಾಲೀಕರು. ಕಾರನ್ನು ಬೇರೆಯವರಿಗೆ ಒಪ್ಪಿಸಿದ್ದರೂ, ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರದ ಹೊಣೆ ಹಳೆಯ ಹೆಸರಿನವರ ಮೇಲೆಯೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಯೋಚಿಸಿ ನೋಡಿ. ಕಾರು ನಿಮ್ಮ ಹೆಸರಿಗಿದೆ. ಬೇರೆಯಾದವರು ಅದನ್ನು ಓಡಿಸಿಕೊಂಡು ಹೋದರು. ವಿಮೆ ಕಟ್ಟುವುದನ್ನು ಮರೆತರು. ಎಲ್ಲೋ ಒಬ್ಬ ದಾರಿಹೋಕನಿಗೆ ಡಿಕ್ಕಿಯಾಯಿತು. ಲಕ್ಷಗಟ್ಟಲೆ ಪರಿಹಾರದ ನೋಟೀಸು ನಿಮ್ಮ ಬಾಗಿಲಿಗೆ ಬರುತ್ತದೆ. ಸುಖ ಅವರಿಗೆ, ಹೊಣೆ ನಿಮಗೆ!

ಸಾಲದ ಕತೆಯೂ ಹಾಗೆಯೇ. 1872ರ ಕರಾರು ಕಾಯಿದೆಯಂತೆ ಜೊತೆ ಸಾಲಗಾರರಲ್ಲಿ ಯಾರೊಬ್ಬರಿಂದಲಾದರೂ ಬ್ಯಾಂಕು ಪೂರ್ತಿ ಬಾಕಿ ಕೇಳಬಹುದು. ಜಾಮೀನುದಾರನ ಹೊಣೆಯೂ ಸಾಲಗಾರನಷ್ಟೇ. “ಇನ್ನು ಮುಂದೆ ಕಂತು ಅವರೇ ಕಟ್ಟುತ್ತಾರೆ” ಎಂದು ನೀವಿಬ್ಬರು ಹಿರಿಯರ ಮುಂದೆ ಒಪ್ಪಿಕೊಂಡರೆ ಆ ಒಪ್ಪಿಗೆ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಮನಸ್ಸು ಮುರಿದರೂ ಸಹಿ ಮುರಿಯದು.

ಹಾಗಾದರೆ ಮಾಡಬೇಕಾದುದೇನು? ಮೊದಲು ಕೈಗೆಟಕುವ ಕೆಲಸ ಹೇಳುತ್ತೇವೆ. ಬೇರೆಯಾಗುವಾಗ ಕೀಲಿಕೈಗೆ ಜಗ್ಗಾಡಬೇಡಿ, ರಾತ್ರೋರಾತ್ರಿ ಕಾರು ಸಾಗಿಸಬೇಡಿ. ಇಬ್ಬರಿಗೂ ಬೇಕಾದ ಒಬ್ಬರನ್ನು ಕೂರಿಸಿಕೊಂಡು ಪೇಟೆ ಬೆಲೆ ಕಟ್ಟಿಸಿ, ಸಾಲದ ಬಾಕಿ ಕಳೆಯಿರಿ. ಉಳಿದದ್ದನ್ನು ಇಬ್ಬರ ದುಡಿಮೆ ನೋಡಿ ಹಂಚಿಕೊಳ್ಳಿ. ಮನೆ ನಡೆಸಿದ ಖರ್ಚನ್ನೂ ಮನೆಗೆಲಸವನ್ನೂ ದುಡಿಮೆಯೆಂದೇ ಎಣಿಸಿ. ಕಾರು ಇಟ್ಟುಕೊಳ್ಳುವವರು ಇನ್ನೊಬ್ಬರ ಪಾಲನ್ನು ಹಣವಾಗಿ ಕೊಡಲಿ. ಅದಾಗದಿದ್ದರೆ ಮಾರಿ ಹಂಚಿಕೊಳ್ಳಲಿ. ಸಾಲ ತೀರಿದರೆ ಫಾರಂ 35, ಹೆಸರು ಬದಲಿಸಲು ಫಾರಂ 29 ಮತ್ತು 30. ಸಾಲ ಉಳಿದಿದ್ದರೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಆರ್.ಟಿ.ಓ. ಕಚೇರಿಯಲ್ಲಿ ಹೆಸರು ಬದಲಾಗದು, ಆದ್ದರಿಂದ ಬ್ಯಾಂಕಿಗೇ ಮೊದಲು ಹೋಗಿ. ವಿಮೆಯನ್ನು ಹೊಸ ಹೆಸರಿಗೆ ಮಾಡಿಸಿ. ಫಾಸ್ಟ್ಯಾಗ್ ಯಾರ ಖಾತೆಗೆ ಅಂಟಿದೆ ನೋಡಿ. ಇಷ್ಟೂ ಮುಗಿಯುವ ತನಕ ಕೆಲಸ ಮುಗಿಯಿತೆಂದು ತಿಳಿಯಬೇಡಿ.

ಇನ್ನು ಕೂಡಿ ಬಾಳುತ್ತಿರುವವರಿಗೆ ಒಂದು ಮಾತು. ಮುಂಗಡ ಯಾರು ಕೊಟ್ಟರು, ಕಂತು ಯಾರು ಕಟ್ಟುತ್ತಾರೆ, ಮನೆ ಖರ್ಚು ಯಾರು ಹೊರುತ್ತಾರೆ ಎಂದು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಚಿನ್ನ ಮಾರಿದ ರಸೀತಿಯನ್ನು ಎಸೆಯಬೇಡಿ. ಸಂಸಾರದಲ್ಲಿ ಲೆಕ್ಕವೇ, ಇದು ಅಪನಂಬಿಕೆಯಲ್ಲವೇ ಎಂದು ಕೆಲವರು ಮುಖ ಸಿಂಡರಿಸಬಹುದು. ಒಡಹುಟ್ಟಿದ ಅಣ್ಣತಮ್ಮಂದಿರು ಪಾಲಿನಲ್ಲಿ ಅಂಗಡಿ ಇಟ್ಟಾಗಲೂ ಖಾತೆ ಪುಸ್ತಕ ಬರೆಯುತ್ತಾರೆ. ಬರೆದದ್ದರಿಂದ ಅವರ ಪ್ರೀತಿ ಕಡಿಮೆಯಾಯಿತೇ? ಬರೆಯದೆ ಇದ್ದ ಮನೆಗಳೇ ಹೆಚ್ಚು ಒಡೆದದ್ದನ್ನು ನಮ್ಮ ವ್ಯಾಪಾರಿ ಮಿತ್ರರು ಚೆನ್ನಾಗಿ ಬಲ್ಲರು.

ಆದರೆ ಒಂದು ಪುಟದ ಕಾಗದದಿಂದ ಇಡೀ ಅನ್ಯಾಯ ನೀಗದು. ಕಾಯಿದೆಯೇ ತಿದ್ದುಪಡಿಯಾಗಬೇಕು. ಗಂಡ ವಿದೇಶದಲ್ಲಿ ದುಡಿದ ಹಣದಿಂದ ಆಸ್ತಿಯಾಗಿದ್ದರೂ ಊರಿನಲ್ಲಿ ಮನೆ ನಡೆಸಿದ ಹೆಂಡತಿಗೆ ಅದರಲ್ಲಿ ಸಮಪಾಲು ಉಂಟೆಂದು ಮದರಾಸು ಹೈಕೋರ್ಟು 2023ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ನಾವು ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ನಮ್ಮ ರಾಜ್ಯದ ನ್ಯಾಯಾಲಯಗಳು ಅದಕ್ಕೆ ಬದ್ಧವಲ್ಲ. ವಿಚ್ಛೇದನದಲ್ಲಿ ಗಂಡನ ಸ್ಥಿರಾಸ್ತಿಯಿಂದ ಹೆಂಡತಿಗೆ ಪರಿಹಾರ ಕೊಡಿಸುವ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯನ್ನು ದಾಟಿತು. ಲೋಕಸಭೆಯನ್ನು ದಾಟಲಾರದೆ 2014ರಲ್ಲಿ ಬಿದ್ದುಹೋಯಿತು. ಬಿದ್ದದ್ದನ್ನು ಎತ್ತಿ ನಿಲ್ಲಿಸಲು ಆಳುವವರಿಗೆ ಪುರುಸೊತ್ತಾಗಿಲ್ಲ.

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಪಹಣಿಯಲ್ಲಿ ಒಡೆಯನ ಹೆಸರು, ಹೊಲದಲ್ಲಿ ಗೇಣಿದಾರನ ಬೆವರು ಇದ್ದ ಕಾಲದಲ್ಲಿ, 1951ರಲ್ಲಿ ಕಾಗೋಡಿನ ರೈತರು ಭೂಮಿ ಯಾರದೆಂದು ಕೇಳಿದರು. ಜೈಲು ಸೇರಿದರು. ಉಳುವವನಿಗೆ ಭೂಮಿಯ ಹಕ್ಕು ಕೊಡುವ ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. ಹೊಲದ ವಿಷಯದಲ್ಲಿ ಹೆಸರಿಗಿಂತ ಬೆವರು ದೊಡ್ಡದೆಂದು ಒಪ್ಪಿದ ನಾಡು, ಮನೆಯ ವಿಷಯದಲ್ಲಿ ಏಕೆ ಒಪ್ಪಬಾರದು? ಹೊಲಿಗೆ ಯಂತ್ರದ ಮುಂದೆ ಕುಳಿತು ಬೆನ್ನು ಬಗ್ಗಿಸಿದವಳಿಗೂ, ನಿದ್ದೆಗೆಟ್ಟು ಬಾಡಿಗೆ ಓಡಿಸಿದವನಿಗೂ, ತಾವು ದುಡಿದು ಕೊಂಡ ವಸ್ತುವಿನಲ್ಲಿ ಪಾಲು ಉಂಟೆಂದು ಕಾಯಿದೆ ಹೇಳಲಿ. ಅದು ಹೇಳುವ ತನಕ, ಓದುಗ ಬಂಧುಗಳೇ, ಮುಂದಿನ ಸಲ ನಿಮ್ಮ ಓಣಿಯಲ್ಲಿ ಇಂಥ ಪಂಚಾಯಿತಿಗೆ ನಿಮ್ಮನ್ನು ಕರೆದಾಗ, ಆರ್.ಸಿ. ಯಾರ ಹೆಸರಿಗಿದೆ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ಆ ಮೂರು ವರ್ಷ ಈ ಮನೆಯಲ್ಲಿ ಅಕ್ಕಿ ತಂದವರು ಯಾರು?